ಯಜಮಾನರ ಮಂಡಿ ಹೋಯ್ತು, ಬೋರ್ಡ್‌ನವರು ‘ನಾನಾ’ ಅಂತ ಬರೆದರು. ಮುಂದೇನು ಮಾಡೋದು?

ಹುದಿಕೇರಿ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮದು ಪೊನ್ನಂಪೇಟೆ ಕಡೆ. ಯಜಮಾನರು ಸೇನೆಯಲ್ಲಿ ಹವಾಲ್ದಾರ್ ಆಗಿ ಕಳೆದ ವರ್ಷ ರಿಟೈರ್ ಆದರು. ಉತ್ತರದ ಗಡಿಯಲ್ಲಿದ್ದಾಗ ರಾತ್ರಿ ಪೆಟ್ರೋಲಿಂಗ್‌ನಲ್ಲಿ ಕಲ್ಲಿನ ಮೇಲೆ ಜಾರಿ ಬಲ ಮಂಡಿ ತಿರುಚಿತು. ಆವತ್ತು ನೋವಿನ ಮಾತ್ರೆ ಕೊಟ್ಟು ಮಲಗಿಸಿದರಂತೆ. ಲಿಗಮೆಂಟ್ ಹರಿದಿದೆ ಅಂತ ಗೊತ್ತಾದದ್ದು ತಿಂಗಳುಗಟ್ಟಲೆ ಆದ ಮೇಲೆ, ಎಂಆರ್‌ಐ ಮಾಡಿಸಿದಾಗ. ಆಪರೇಷನ್ ಆಯ್ತು. ಉಳಿದ ಸರ್ವಿಸ್ ಲೋ ಮೆಡಿಕಲ್ ಕೆಟಗರಿಯಲ್ಲೇ (ಪೂರ್ತಿ ಫಿಟ್ ಅಲ್ಲ ಅನ್ನೋ ದರ್ಜೆ) ಮುಗಿಸಿದರು.

ರಿಲೀಸ್ ಮೆಡಿಕಲ್ ಬೋರ್ಡ್ (ರಿಟೈರ್ ಆಗುವಾಗ ಪರೀಕ್ಷೆ ಮಾಡೋ ಸೇನೆಯ ಡಾಕ್ಟರ್‌ಗಳ ಮಂಡಳಿ) 20 ಪರ್ಸೆಂಟ್ ಡಿಸೆಬಿಲಿಟಿ, ಜೀವನಪೂರ್ತಿ ಅಂತ ಬರೆದಿದೆ. ಆದರೆ ಪಕ್ಕದಲ್ಲೇ ‘ನಾನಾ’ ಅಂತಲೂ ಬರೆದಿದೆ. ಅಂದ್ರೆ ಈ ತೊಂದರೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಜಾಸ್ತಿ ಆದದ್ದೂ ಅಲ್ಲವಂತೆ. ಹಾಗಾದರೆ ಎಲ್ಲಿಂದ ಬಂತು? ಮೊದಲ ಅಪೀಲು ಹಾಕಿದ್ವಿ, ಎರಡು ಸಾಲಿನ ಉತ್ತರ ಬಂತು, ವಜಾ.

ಈಗ ಒಬ್ಬ ಏಜೆಂಟ್ ಫೋನ್ ಮಾಡಿ, ಹಿಂಬಾಕಿಯಲ್ಲಿ 30 ಪರ್ಸೆಂಟ್ ಕೊಟ್ಟರೆ ಮಾಡಿಸಿಕೊಡ್ತೀನಿ ಅಂತಾನೆ. ಯಜಮಾನರು "ಬಿಡು, ಪೆನ್ಷನ್ ಬರ್ತಿದೆಯಲ್ಲ, ಕೈ ಚಾಚೋದು ಬೇಡ" ಅಂತಾರೆ. ತೋಟದಲ್ಲಿ ಇಳಿಜಾರು ಇಳಿಯುವಾಗ ಕೋಲು ಹಿಡಿದು ಅಡ್ಡಡ್ಡ ಹೆಜ್ಜೆ ಇಡ್ತಾರೆ, ಕಾಳುಮೆಣಸು ಕೊಯ್ಲಿಗೆ ಏಣಿ ಹತ್ತೋದಂತೂ ನಿಂತೇ ಹೋಯ್ತು. ಗೊತ್ತಿದ್ದವರು ಹೇಳಿ.

ಸಿಗ್ನಲ್ಸ್ ಮಾಜಿ
ಅಕ್ಕಾ, ಮೊದಲು ಆ ಏಜೆಂಟ್ ನಂಬರ್ ಬ್ಲಾಕ್ ಮಾಡಿ. ಆಮೇಲೆ ಉಳಿದ ಮಾತು.

ಕರಿಮೆಣಸು
30 ಪರ್ಸೆಂಟಾ?! ಮಧ್ಯವರ್ತಿಗಳು ಕಾಫಿ ಬೆಳೆಗಾರರನ್ನ ಮಾತ್ರ ತಿನ್ನೋದು ಅಂದುಕೊಂಡಿದ್ದೆ.

ಸುಬೇದಾರ್ ತಾತ
ಮೊಮ್ಮಗನ ಕೈಯಲ್ಲಿ ಬರೆಸುತ್ತಿದ್ದೇನೆ. ನಾನು 1971ರ ಯುದ್ಧ ನೋಡಿದವನು. ತೊಡೆಯಲ್ಲಿ ಇನ್ನೂ ಒಂದು ಚೂರು ಲೋಹ ಇದೆ. ಚಳಿಗಾಲದಲ್ಲಿ ನೋಯುತ್ತದೆ. ಒಂದು ದಿನವೂ ಯಾರ ಹತ್ತಿರವೂ ಏನೂ ಕೇಳಲಿಲ್ಲ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡು ಇದು. ಮಂಡಿ ನೋವಿಗೆಲ್ಲ ದುಡ್ಡು ಕೇಳುವುದು ಈಗ ಶುರುವಾದದ್ದು. ಯಜಮಾನರು ಹೇಳಿದ್ದು ಸರಿ ಇದೆ ಮಗಳೇ.

ಕುಶಾಲನಗರದ ಹುಡುಗ
ತಾತ, ಗೌರವ ಇಟ್ಟುಕೊಂಡೇ ಹೇಳ್ತೀನಿ. ನೀವು ಕೇಳಲಿಲ್ಲ ಅನ್ನೋದು ನಿಮ್ಮ ದೊಡ್ಡತನ. ಆದರೆ ಹಳಬರು ಯಾರೂ ಕೇಳಲಿಲ್ಲ ಅನ್ನೋದೇ ಇವತ್ತು "ಕೊಡಗಿನವರು ಸುಮ್ನೆ ಹೋಗ್ತಾರೆ" ಅಂತ ಆಗಿದೆ. ಸನ್ನಿ ಸೈಡ್ ಮ್ಯೂಸಿಯಂ ಮುಂದೆ ಟ್ಯಾಂಕ್ ಜೊತೆ ಸೆಲ್ಫಿ ತಗೊಳ್ಳೋ ನಾವು, ಪಕ್ಕದ ಮನೆಯ ಜವಾನ ಕುಂಟೋದನ್ನ ನೋಡಿಯೂ ನೋಡದ ಹಾಗೆ ಹೋಗ್ತೀವಿ.

ಸುಬೇದಾರ್ ತಾತ
ನಾನು ಸೆಲ್ಫಿ ತೆಗೆದುಕೊಳ್ಳುವುದಿಲ್ಲ.

ವಕೀಲ, ಮಡಿಕೇರಿ
ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಡಿಸೆಬಿಲಿಟಿ ಪೆನ್ಷನ್‌ನಲ್ಲಿ ಎರಡು ಭಾಗ. ಸರ್ವಿಸ್ ಎಲಿಮೆಂಟ್, ಅದು ಸೇವೆಗೆ. ಡಿಸೆಬಿಲಿಟಿ ಎಲಿಮೆಂಟ್, ಅದು ಊನಕ್ಕೆ. ನಿಮ್ಮ ಯಜಮಾನರಿಗೆ ಪೂರ್ತಿ ಸೇವೆಯ ಪೆನ್ಷನ್ ಬರುತ್ತಿದೆ, ತಪ್ಪಿಹೋಗಿರುವುದು ಎರಡನೆಯದು. ಅದಕ್ಕೆ ಎರಡು ಷರತ್ತು. ಊನ 20 ಪರ್ಸೆಂಟ್ ಅಥವಾ ಮೇಲೆ ಇರಬೇಕು, ಸೇವೆಯಿಂದ ಬಂದಿರಬೇಕು ಇಲ್ಲವೇ ಸೇವೆಯಿಂದ ಉಲ್ಬಣ ಆಗಿರಬೇಕು. ಮೊದಲನೆಯದನ್ನು ಬೋರ್ಡೇ ಬರೆದುಕೊಟ್ಟಿದೆ. ಹಾಗಾಗಿ ಜಗಳ ಇರುವುದು ಎರಡನೆಯದರ ಮೇಲೆ ಮಾತ್ರ.

ದುಡ್ಡಿನ ಲೆಕ್ಕ ಹೇಳುತ್ತೇನೆ, ಯಾಕೆಂದರೆ "ಬಿಡು" ಅನ್ನುವವರು ಎಷ್ಟನ್ನು ಬಿಡುತ್ತಿದ್ದಾರೆ ಅಂತ ಗೊತ್ತಿರಬೇಕು. 100 ಪರ್ಸೆಂಟ್ ಊನಕ್ಕೆ ಕೊನೆಯ ಸಂಬಳದ 30 ಪರ್ಸೆಂಟ್. ಸಂಬಳ 40,000 ಅಂತ ಇಟ್ಟುಕೊಳ್ಳಿ, 100ಕ್ಕೆ 12,000 ಆಯಿತು. 20 ಪರ್ಸೆಂಟ್‌ಗೆ 2,400. ಆದರೆ ಬ್ರಾಡ್ ಬ್ಯಾಂಡಿಂಗ್ ಅಂತ ಇದೆ, 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಅಂತ ಎಣಿಸುತ್ತಾರೆ. ಆಗ 6,000. ಮೇಲೆ ತುಟ್ಟಿಭತ್ಯೆ ಬೇರೆ. ತಿಂಗಳು ತಿಂಗಳು, ಬದುಕಿರುವವರೆಗೆ. ಮೊದಲು ಇದು ಬೋರ್ಡ್ ಔಟ್ ಆದವರಿಗೆ, ಅಂದರೆ ಊನದ ಕಾರಣಕ್ಕೆ ಅವಧಿಗೆ ಮುಂಚೆ ಸೇವೆಯಿಂದ ಕಳಿಸಿದವರಿಗೆ ಮಾತ್ರ ಇತ್ತು. ಪೂರ್ತಿ ಸೇವೆ ಮುಗಿಸಿ ಬಂದವರಿಗೂ ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಕೇಸಿನಲ್ಲಿ ಹೇಳಿತು.

ಕರಿಮೆಣಸು
ಆರು ಸಾವಿರ ಅಂದ್ರೆ ತೋಟದಲ್ಲಿ ಒಬ್ಬ ಆಳಿನ ಎಷ್ಟೋ ದಿನದ ಕೂಲಿ. ಅವರು ಹತ್ತಲಾಗದ ಏಣಿಯನ್ನ ಬೇರೆಯವರು ಹತ್ತಿದರೆ ಕೂಲಿ ಕೊಡಬೇಕಲ್ಲ. ಇದು ಕೈ ಚಾಚೋದು ಹೇಗಾಗುತ್ತೆ?

ಸಿಗ್ನಲ್ಸ್ ಮಾಜಿ
ಅಕ್ಕಾ, ಧರಮ್‌ವೀರ್ ಸಿಂಗ್ ಕೇಸ್ ಅಂತ ಇದೆ, 2013ರದ್ದು. ನಮ್ಮ ಸಿಗ್ನಲ್ಸ್‌ನವನೇ. 1985ರಲ್ಲಿ ಸೇರಿದ, 1994ರಲ್ಲಿ ಫಿಟ್ಸ್ ಅಂತ ಬೋರ್ಡ್ ಔಟ್ ಮಾಡಿದರು, 20 ಪರ್ಸೆಂಟ್, ನಾನಾ. ಸುಪ್ರೀಂ ಕೋರ್ಟ್ ಏನಂತು ಗೊತ್ತಾ? ಸೇರುವಾಗ ಡಾಕ್ಟರ್ ನೋಡಿ ಫಿಟ್ ಅಂದಿದ್ದಾರೆ, ಪೇಪರ್‌ನಲ್ಲಿ ಕಾಯಿಲೆ ಬರೆದಿಲ್ಲ, ಅಂದಮೇಲೆ ಸೇವೆಯಲ್ಲೇ ಬಂದದ್ದು ಅಂತ ತಿಳಿಯಬೇಕು. ಅಲ್ಲ ಅನ್ನೋದಾದರೆ ಸಾಬೀತು ಮಾಡೋ ಹೊಣೆ ಸರ್ಕಾರದ್ದು, ಸೈನಿಕನದ್ದಲ್ಲ. ಸುಮ್ನೆ ನಾನಾ ಅಂತ ಬರೆದರೆ ಸಾಲದು, ಕಾರಣ ಕೊಡಬೇಕು. ಇದೊಂದು ಸಾಕು, ಕೇಸ್ ಗೆದ್ದ ಹಾಗೇ.

ವಕೀಲ, ಮಡಿಕೇರಿ
ಗೆದ್ದ ಹಾಗೇ ಅನ್ನಬೇಡಿ. ಆ ತೀರ್ಪು ಮುಖ್ಯವಾಗಿ ಕಾಯಿಲೆಯ ವಿಷಯ. ಇವರದ್ದು ಪೆಟ್ಟು. ಪೆಟ್ಟಿಗೆ ಕೇಳುವ ಮೊದಲ ಪ್ರಶ್ನೆ, ಬಿದ್ದಾಗ ಡ್ಯೂಟಿಯಲ್ಲಿದ್ದರಾ ಅಂತ. ಕಾರಣ ಬರೆಯದೆ ನಾನಾ ಅಂದರೆ ನಿಲ್ಲುವುದಿಲ್ಲ ಅನ್ನುವ ಮಾತು ಇಲ್ಲೂ ಉಪಯೋಗಕ್ಕೆ ಬರುತ್ತದೆ, ಒಪ್ಪುತ್ತೇನೆ. ಆದರೆ ಬರೀ ಅದನ್ನೇ ನಂಬಿ ಹೋದರೆ ಎದುರಿನ ವಕೀಲರು "ಇಂಜುರಿ ರಿಪೋರ್ಟ್ ಎಲ್ಲಿ?" ಅಂತಾರೆ. ಪೆಟ್ಟು ಹೇಗೆ ಬಿತ್ತು ಅಂತ ಆಗಲೇ ಬರೆದಿಡುವ ವರದಿ ಅದು.

ಸಿಗ್ನಲ್ಸ್ ಮಾಜಿ
ಪೆಟ್ರೋಲಿಂಗ್‌ನಲ್ಲಿ ಬಿದ್ದದ್ದು ಡ್ಯೂಟಿ ಅಲ್ಲದೆ ಮತ್ತೇನು ಸರ್, ಪಿಕ್ನಿಕ್ಕಾ?

ವಕೀಲ, ಮಡಿಕೇರಿ
ಅದು ನಿಮಗೂ ಗೊತ್ತು, ನನಗೂ ಗೊತ್ತು. ಕಾಗದಕ್ಕೆ ಗೊತ್ತಾ ಅನ್ನೋದು ಪ್ರಶ್ನೆ.

ನಾಪೋಕ್ಲು ನರ್ಸ್
ನಾನು ಮಿಲಿಟರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು. ಇಲ್ಲೇ ಎಲ್ಲ ಹಾಳಾಗೋದು. ಪೋಸ್ಟ್‌ನಲ್ಲಿ ಹುಡುಗ ಬೀಳ್ತಾನೆ. ಹೇಳಿದರೆ ಕೆಟಗರಿ ಇಳಿಯುತ್ತೆ, ಪ್ರಮೋಷನ್ ನಿಲ್ಲುತ್ತೆ, ಜೊತೆಯವರು "ನಾಟಕ" ಅಂತಾರೆ. ಕಟ್ಟು ಕಟ್ಟಿಕೊಂಡು ಓಡಾಡ್ತಾನೆ. ಆಸ್ಪತ್ರೆಗೆ ಬರೋ ಹೊತ್ತಿಗೆ ಚೀಟಿಯಲ್ಲಿ "ಮಂಡಿ ನೋವು" ಅಂತಷ್ಟೇ ಇರುತ್ತೆ. ಎಲ್ಲಿ ಬಿದ್ದ, ಯಾವತ್ತು ಬಿದ್ದ, ಏನು ಡ್ಯೂಟಿ, ಒಂದೂ ಇರಲ್ಲ. ಎಷ್ಟೋ ವರ್ಷದ ಮೇಲೆ ಬೋರ್ಡ್‌ನ ಡಾಕ್ಟರ್ ಆ ಚೀಟಿ ನೋಡ್ತಾರೆ. ಅವರಿಗೆ ಈ ಮನುಷ್ಯನ ಪರಿಚಯ ಇಲ್ಲ. ಬರೆದದ್ದನ್ನ ನೋಡಿ ಬರೀತಾರೆ.

ಈಗ ಸರ್ವಿಸ್‌ನಲ್ಲಿರೋ ತಮ್ಮಂದಿರು ಯಾರಾದರೂ ಓದ್ತಿದ್ದರೆ, ದಯವಿಟ್ಟು ಬಿದ್ದ ದಿನವೇ ಇಂಜುರಿ ರಿಪೋರ್ಟ್ ಮಾಡಿಸಿ. ಧೈರ್ಯ ಆಮೇಲೆ ತೋರಿಸಬಹುದು.

ಹುದಿಕೇರಿ ಸೊಸೆ
ನರ್ಸ್ ಅಕ್ಕಾ, ನೀವು ನಮ್ಮ ಮನೆಗೆ ಬಂದು ನೋಡಿ ಬರೆದ ಹಾಗಿದೆ. ಇಂಜುರಿ ರಿಪೋರ್ಟ್ ಇಲ್ಲ. ಆದರೆ ಆಪರೇಷನ್ ಆದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ "ಪೆಟ್ರೋಲಿಂಗ್ ವೇಳೆ ಜಾರಿ ಬಿದ್ದ ಇತಿಹಾಸ" ಅಂತ ಒಂದು ಸಾಲು ಇದೆ. ಅದು ಉಪಯೋಗಕ್ಕೆ ಬರುತ್ತಾ?

ವಕೀಲ, ಮಡಿಕೇರಿ
ಬರುತ್ತಾ ಅಂತ ಕೇಳ್ತೀರಲ್ಲ! ಅದರ ಫೋಟೊಕಾಪಿ ಈವತ್ತೇ ತೆಗೆದಿಡಿ. ಲ್ಯಾಮಿನೇಷನ್ ಮಾಡಿಸಬೇಡಿ.

ಮಳೆಗಾಲ
ಲ್ಯಾಮಿನೇಷನ್ ಯಾಕೆ ಬೇಡ? ನಮ್ಮ ಕಡೆ ಮಳೆಗೆ ಕಾಗದ ಎಲ್ಲ ಬೂಷ್ಟು ಹಿಡಿಯುತ್ತೆ.

ವಕೀಲ, ಮಡಿಕೇರಿ
ಮೂಲ ಕಾಗದದ ಸೀಲು, ಶಾಯಿ ಸರಿಯಾಗಿ ಪರೀಕ್ಷೆ ಮಾಡೋಕೆ ಆಗಲ್ಲ ಅಂತ ತಕರಾರು ತೆಗೆಯುತ್ತಾರೆ. ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಗಾಡ್ರೇಜ್‌ನಲ್ಲಿಡಿ.

ಮಳೆಗಾಲ
ಗಾಡ್ರೇಜ್ ಒಳಗೂ ಬೂಷ್ಟು ಹಿಡಿಯುತ್ತೆ ಸರ್, ನೀವು ಜುಲೈಯಲ್ಲಿ ಭಾಗಮಂಡಲಕ್ಕೆ ಬನ್ನಿ.

ಎರಡನೇ ತಲೆಮಾರು
ನನ್ನ ಅನುಭವ ಬೇರೆ. ಅಪ್ಪ ರಿಟೈರ್ ಆದಾಗ ಬಿಪಿ ಅಂತ ಬರೆದು ನಾನಾ ಹಾಕಿದ್ರು. ಅಪ್ಪನ ಪೋಸ್ಟಿಂಗ್ ಲಿಸ್ಟ್ ತೆಗೆದು ಎತ್ತರದ ಜಾಗ, ಫೀಲ್ಡ್ ಏರಿಯಾ ಎಲ್ಲ ಗುರುತು ಹಾಕಿ ಕೊಟ್ವಿ. ಸೇನೆಯವರ ಕೇಸ್ ನೋಡೋ ಟ್ರಿಬ್ಯುನಲ್‌ನಲ್ಲಿ ಸಿಕ್ಕಿತು. ಆದರೆ ಅಪ್ಪನ ಜೊತೆಗೇ ಹಾಕಿದ್ದ ಇನ್ನೊಬ್ಬರಿಗೆ ಬರಲಿಲ್ಲ. ಅವರು ಇಡೀ ಸರ್ವಿಸ್ ಪೀಸ್ ಸ್ಟೇಷನ್‌ಗಳಲ್ಲೇ (ಗಡಿಯ ಒತ್ತಡ ಇಲ್ಲದ ಊರುಗಳಲ್ಲಿ) ಇದ್ದರು. ಹಾಗಾಗಿ ಎಲ್ಲರಿಗೂ ಸಿಗುತ್ತೆ ಅಂತ ಹೇಳೋದು ತಪ್ಪು.

ಬಾಳೆಲೆ ಕಡೆಯವ
ಈಗ ನಾನು ಬೈಸಿಕೊಳ್ಳೋ ಮಾತು ಹೇಳ್ತೀನಿ. ಬಿಪಿ, ಶುಗರ್‌ಗೆಲ್ಲ ಡಿಸೆಬಿಲಿಟಿ ಕೊಟ್ಟೂ ಕೊಟ್ಟೂ ಈ ಸ್ಥಿತಿ ಬಂತು. ದೊಡ್ಡ ದೊಡ್ಡ ಆಫೀಸರುಗಳು ರಿಟೈರ್ ಆಗೋ ಹೊತ್ತಿಗೆ ಸರಿಯಾಗಿ ಬಿಪಿ ಬರುತ್ತೆ, ಮರುದಿನ ಗಾಲ್ಫ್ ಆಡ್ತಾರೆ. ಅದನ್ನ ತಡೆಯೋಕೆ ಅಂತ 2023ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮ ತಂದರು. ಹೊಡೆತ ಬಿದ್ದದ್ದು ನಿಜವಾಗಿ ಮಂಡಿ ಕಳಕೊಂಡ ಜವಾನನಿಗೆ.

ನಾಪೋಕ್ಲು ನರ್ಸ್
ಗಾಲ್ಫ್ ಆಡೋರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ 12,000 ಅಡಿ ಮೇಲೆ ಎರಡೆರಡು ಸಲ ಟೆನ್ಯೂರ್ ಮಾಡಿ, ಮಗು ಹುಟ್ಟಿದ್ದನ್ನ ಫೋನ್‌ನಲ್ಲಿ ಕೇಳಿದವನಿಗೆ ಬಿಪಿ ಬಂದರೆ ಅದು ಉಪ್ಪಿನಕಾಯಿ ತಿಂದು ಬಂದದ್ದಾ? ಒಬ್ಬ ಮೋಸ ಮಾಡ್ತಾನೆ ಅಂತ ಹತ್ತು ಜನರ ಬಾಗಿಲು ಹಾಕೋದು ಯಾವ ನ್ಯಾಯ?

ಬಾಳೆಲೆ ಕಡೆಯವ
ನಾನೂ ಅದನ್ನೇ ಹೇಳಿದ್ದು. ಮೋಸ ಮಾಡಿದವನಿಗೆ ಏನೂ ಆಗಲ್ಲ, ಜವಾನನ ಬಾಗಿಲು ಹಾಕ್ತಾರೆ.

ಸಿಗ್ನಲ್ಸ್ ಮಾಜಿ
ಇನ್ನೊಂದು ಉರಿ ಇದೆ. ಟ್ರಿಬ್ಯುನಲ್‌ನಲ್ಲಿ ಸೈನಿಕ ಗೆದ್ದರೂ ಸರ್ಕಾರ ಮೇಲಿನ ಕೋರ್ಟಿಗೆ ಹೋಗುತ್ತೆ. 2015ರಲ್ಲಿ ಪರಿಕ್ಕರ್ ರಕ್ಷಣಾ ಸಚಿವರಾಗಿದ್ದಾಗ ತಜ್ಞರ ಸಮಿತಿ ಮಾಡಿದ್ದರು. ಊನವಾದ ಸೈನಿಕರ ಮೇಲೆ ಹೀಗೆ ಅಪೀಲು ಹಾಕೋದು ನಿಲ್ಲಿಸಿ ಅಂತ ಆ ಸಮಿತಿ ಹೇಳಿತ್ತು. ನಿಂತಿತಾ? ನೀವೇ ನೋಡ್ತಿದ್ದೀರಿ.

ಆನೆಕಾಟ
ಒಂದು ಪ್ರಶ್ನೆ. ನನ್ನ ಭಾವ ಇನ್ನೂ ಸರ್ವಿಸ್‌ನಲ್ಲಿದ್ದಾರೆ. ರಜೆಗೆ ಬಂದಾಗ ಸಿದ್ದಾಪುರ ಹತ್ತಿರ ತೋಟದಲ್ಲಿ ಆನೆ ಅಟ್ಟಿಸಿಕೊಂಡು ಬಂತು, ಬಿದ್ದು ಸೊಂಟಕ್ಕೆ ಪೆಟ್ಟಾಗಿದೆ. ರಜೆಯೂ ಡ್ಯೂಟಿಯೇ ಅಂತ ಅವರ ದೋಸ್ತ್ ಹೇಳಿದನಂತೆ. ಇದು ಸೇವೆಯಿಂದ ಬಂದದ್ದು ಅಂತ ಆಗುತ್ತಾ?

ವಕೀಲ, ಮಡಿಕೇರಿ
ಕಷ್ಟ. ರಜೆಗೆ ಊರಿಗೆ ಬರುವ ದಾರಿ, ವಾಪಸ್ ಹೋಗುವ ದಾರಿ, ಅದನ್ನು ಡ್ಯೂಟಿ ಅಂತ ಪರಿಗಣಿಸುತ್ತಾರೆ. ಮನೆ ತಲುಪಿದ ಮೇಲೆ ಸ್ವಂತ ಕೆಲಸದಲ್ಲಿ ಆದ ಪೆಟ್ಟಿಗೆ ಸೇನೆಯ ಸೇವೆಯ ಜೊತೆ ಏನಾದರೂ ಸಂಬಂಧ ತೋರಿಸಬೇಕು, ಬರೀ ರಜೆಯಲ್ಲಿದ್ದೆ ಅಂದರೆ ಸಾಲದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆನೆ ವಿಷಯ ಅರಣ್ಯ ಇಲಾಖೆಯ ಪರಿಹಾರಕ್ಕೆ ಬರುತ್ತದೆ. ಅಲ್ಲಿ ಅರ್ಜಿ ಹಾಕಿ, ಯೂನಿಟ್‌ಗೂ ತಕ್ಷಣ ತಿಳಿಸಿ.

ಕರಿಮೆಣಸು
ಅರಣ್ಯ ಇಲಾಖೆಯ ಪರಿಹಾರ! ಅದಕ್ಕೆ ಇನ್ನೊಂದು ಚರ್ಚೆ ಶುರು ಮಾಡಬೇಕು. ನಮ್ಮ ಬಾಳೆ ಮುರಿದು ಹಾಕಿದ್ದಕ್ಕೆ ಕೊಟ್ಟ ಅರ್ಜಿ ಎಲ್ಲಿ ಮಲಗಿದೆಯೋ.

ಆನೆಕಾಟ
ಬಾಳೆ ಬಿಡಿ, ನಮ್ಮ ಗೇಟೇ ಹೋಯ್ತು.

ಬಾಳೆಲೆ ಕಡೆಯವ
ಗೇಟ್ ತೆರೆದಿಡಿ ಮಾರಾಯ್ರೆ, ಅದು ಹೇಗಿದ್ರೂ ಬರುತ್ತೆ. ತೆರೆದಿದ್ರೆ ಗೇಟಾದರೂ ಉಳಿಯುತ್ತೆ.

ಹುದಿಕೇರಿ ಸೊಸೆ
ಆನೆ ಆಮೇಲೆ. ನನ್ನ ಮಂಡಿ ಕಥೆಗೆ ಬನ್ನಿ 😄 ಈಗ ಏನೇನು ಮಾಡಬೇಕು ಹೇಳಿ. ಮತ್ತೆ ಒಬ್ಬರು, ಜಿಲ್ಲಾಸ್ಪತ್ರೆಯಲ್ಲಿ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ, ಅದರಲ್ಲಿ 40 ಪರ್ಸೆಂಟ್ ಬಂದರೆ ಸೇನೆಯವರೂ ಒಪ್ಪಲೇಬೇಕು ಅಂದರು. ನಿಜವಾ?

ಸಿಗ್ನಲ್ಸ್ ಮಾಜಿ
ಅಲ್ಲ ಅಕ್ಕಾ. ಯುಡಿಐಡಿ ಬೇರೆ ಲೆಕ್ಕ, ಬಸ್ ಪಾಸು, ಮೀಸಲಾತಿ ಅದಕ್ಕೆಲ್ಲ. ಸೇನೆಯ ಪೆನ್ಷನ್‌ಗೆ ಸೇನೆಯ ಬೋರ್ಡ್ ಬರೆದದ್ದೇ ಲೆಕ್ಕ. ಬೇಕಾದರೆ ಮಾಡಿಸಿಟ್ಟುಕೊಳ್ಳಿ, ನಷ್ಟ ಏನಿಲ್ಲ.

ವಕೀಲ, ಮಡಿಕೇರಿ
ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ರೆಕಾರ್ಡ್ಸ್ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ, ಶುಲ್ಕ 10 ರೂಪಾಯಿ. ರಿಲೀಸ್ ಬೋರ್ಡ್‌ನ ಪೂರ್ತಿ ಪ್ರತಿ, ಕೆಟಗರಿ ಇಳಿಸಿದಾಗಿನ ಪ್ರತಿಯೊಂದು ಬೋರ್ಡ್‌ನ ಪ್ರತಿ, ಆಸ್ಪತ್ರೆಗೆ ಸೇರಿಸಿದ ದಾಖಲೆ, ಕೋರ್ಟ್ ಆಫ್ ಇಂಕ್ವೈರಿ (ಸೇನೆಯ ಒಳಗಿನ ವಿಚಾರಣೆ) ಆಗಿದ್ದರೆ ಅದು. ಬೋರ್ಡ್‌ನ ಫಾರಂನಲ್ಲಿ ಕಮಾಂಡಿಂಗ್ ಆಫೀಸರ್ ತುಂಬುವ ಭಾಗ ಇರುತ್ತದೆ. ಅಲ್ಲಿ "ಡ್ಯೂಟಿಯಲ್ಲಿ" ಅಂತ ಒಂದು ಮಾತಿದ್ದರೂ ದೊಡ್ಡ ಆಧಾರ.

ಜೊತೆಗೆ ಆ ರಾತ್ರಿ ಪೆಟ್ರೋಲ್‌ನಲ್ಲಿದ್ದವರನ್ನು ಹುಡುಕಿ. ವಾಟ್ಸಾಪ್ ಗ್ರೂಪ್ ಇದ್ದೇ ಇರುತ್ತೆ. ಅವರಿಂದ ಅಫಿಡವಿಟ್ ಬರಲಿ. ಯಜಮಾನರು ಫೋನ್ ಮಾಡಲು ಹಿಂಜರಿದರೆ ನೀವೇ ಮಾಡಿ.

ಎರಡನೇ ಅಪೀಲು ಹಾಕಲು ಮೊದಲನೆಯದರ ಉತ್ತರ ಬಂದ ದಿನದಿಂದ ಆರು ತಿಂಗಳು. ಅದೂ ವಜಾ ಆದರೆ ಸಶಸ್ತ್ರ ಪಡೆಗಳ ಟ್ರಿಬ್ಯುನಲ್. 2007ರ ಕಾಯ್ದೆ, 2009ರಿಂದ ನಡೆಯುತ್ತಿದೆ. ಕರ್ನಾಟಕದ ಕೇಸ್‌ಗಳು ಕೊಚ್ಚಿ ಪೀಠಕ್ಕೆ ಹೋಗುತ್ತವೆ. ತಡ ಆದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಪೆನ್ಷನ್ ತಿಂಗಳು ತಿಂಗಳೂ ಬರಬೇಕಾದ ಹಕ್ಕು, ತಪ್ಪಿದ ಪ್ರತಿ ತಿಂಗಳೂ ಹೊಸದಾಗಿ ಕೇಳಬಹುದು. ಆದರೆ ಹಿಂಬಾಕಿ ಸಾಮಾನ್ಯವಾಗಿ ಕೇಸ್ ಹಾಕುವ ಹಿಂದಿನ ಮೂರು ವರ್ಷಕ್ಕೆ ಮಾತ್ರ ಅಂತ 2008ರ ತರ್ಸೇಮ್ ಸಿಂಗ್ ತೀರ್ಪು. ತಡ ಮಾಡಿದಷ್ಟು ನಷ್ಟ ನಿಮಗೇ.

ಎರಡನೇ ತಲೆಮಾರು
ಕೊಚ್ಚಿ ಅಂದ್ರೆ ಹೆದರಬೇಡಿ ಅಕ್ಕಾ. ವಿರಾಜಪೇಟೆಯಿಂದ ಮಾಕುಟ್ಟ ಇಳಿದು, ಇರಿಟ್ಟಿ ಮೇಲೆ ಕಣ್ಣೂರು. ಅಲ್ಲಿಂದ ಎರ್ನಾಕುಲಂಗೆ ರೈಲು. ಬೆಂಗಳೂರಿಗೆ ಹೋಗೋದಕ್ಕಿಂತ ಭಾರೀ ದೂರ ಏನಲ್ಲ. ಪ್ರತಿ ಸಲ ನೀವೇ ಹೋಗಬೇಕು ಅಂತಲೂ ಇಲ್ಲ, ವಕೀಲರು ನೋಡ್ಕೋತಾರೆ. ಮಳೆಗಾಲದಲ್ಲಿ ಮಾತ್ರ ಮಾಕುಟ್ಟ ಘಾಟಿ ಕೇಳಿಕೊಂಡು ಹೊರಡಿ.

ಕುಶಾಲನಗರದ ಹುಡುಗ
ವಕೀಲರ ಫೀಸ್ ಯಾರು ಕೊಡ್ತಾರೆ?

ವಕೀಲ, ಮಡಿಕೇರಿ
ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈನಲ್ಲಿ ವೀರ್ ಪರಿವಾರ್ ಸಹಾಯತಾ ಯೋಜನೆ ಶುರು ಮಾಡಿದೆ. ಸೈನಿಕ ಕಲ್ಯಾಣ ಮಂಡಳಿಗಳಲ್ಲೇ ಉಚಿತ ಕಾನೂನು ನೆರವಿನ ಕೇಂದ್ರ ಇಡುವುದು ಅದರ ಉದ್ದೇಶ. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಗೆ ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಮಂಜೂರಾತಿ ಆದೇಶ) ಹಿಡಿದುಕೊಂಡು ಹೋಗಿ ಕೇಳಿ. 30 ಪರ್ಸೆಂಟ್ ಯಾರಿಗೂ ಕೊಡಬೇಕಾಗಿಲ್ಲ.

ಬಾಳೆಲೆ ಕಡೆಯವ
ಈ ಅಗ್ನಿವೀರರದ್ದು ಹೇಗೆ? ನಮ್ಮೂರಿನಿಂದ ಮೊನ್ನೆ ಇಬ್ಬರು ಹೋದರು.

ಸಿಗ್ನಲ್ಸ್ ಮಾಜಿ
ಅವರಿಗೆ ಪೆನ್ಷನ್ ಇಲ್ಲ. ಸೇವೆಯಿಂದ ಊನ ಆದರೆ ಒಂದೇ ಸಲ ದುಡ್ಡು: 100 ಪರ್ಸೆಂಟ್‌ಗೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ. ಅಲ್ಲೂ ಸೇವೆಯಿಂದ ಬಂದದ್ದು ಅಂತ ಬೋರ್ಡ್ ಬರೀಬೇಕು. ಅದಕ್ಕೇ ಆ ಹುಡುಗರಿಗೆ ಇಂಜುರಿ ರಿಪೋರ್ಟ್ ವಿಷಯ ಊರು ಬಿಡೋ ಮೊದಲೇ ಹೇಳಿ ಕಳಿಸಿ. ಅವರಿಗೆ ಎರಡನೇ ಛಾನ್ಸ್ ಕಡಿಮೆ.

ಸುಬೇದಾರ್ ತಾತ
ನಾನು ಎಲ್ಲ ಓದಿಸಿ ಕೇಳಿದೆ. ವಕೀಲರೇ, ಹವಾಲ್ದಾರನ ಮಾತು ಬೇರೆ, ಅವನ ಹತ್ತಿರ ಕಾಗದ ಇದೆ, ಅವನು ಕೇಳಲಿ. ನನ್ನ ಅಭಿಪ್ರಾಯ ಬದಲಾಗಿಲ್ಲ, ನನಗೆ ಏನೂ ಬೇಡ. ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತೇನೆ, 1971ರ ಕಾಗದ ಈಗ ಎಲ್ಲಿರುತ್ತದೆ?

ಕುಶಾಲನಗರದ ಹುಡುಗ
ತಾತಾ 😄

ವಕೀಲ, ಮಡಿಕೇರಿ
ಸುಮ್ಮನೆ ತಿಳಿದುಕೊಳ್ಳಲು ಹೇಳುತ್ತೇನೆ ಸರ್. ಯುದ್ಧದಲ್ಲಿ ಬಿದ್ದ ಪೆಟ್ಟಿಗೆ ಡಿಸೆಬಿಲಿಟಿ ಎಲಿಮೆಂಟ್ ಅಲ್ಲ, ವಾರ್ ಇಂಜುರಿ ಎಲಿಮೆಂಟ್, ಅದು ಇದಕ್ಕಿಂತ ಜಾಸ್ತಿ. ತೊಂದರೆ ಏನೆಂದರೆ, 25 ವರ್ಷ ಆಯ್ತು, ಮೆಡಿಕಲ್ ಕಾಗದ ನಾಶ ಮಾಡಿದ್ದೇವೆ ಅನ್ನುವ ಉತ್ತರ ಎಷ್ಟೋ ಕೇಸ್‌ಗಳಲ್ಲಿ ಬರುತ್ತದೆ. ನಿಮ್ಮ ಡಿಸ್ಚಾರ್ಜ್ ಬುಕ್‌ನಲ್ಲಿ ಗಾಯದ ವಿಷಯ ಬರೆದಿದೆಯಾ ನೋಡಿ. ಬ್ಯಾಟಲ್ ಕ್ಯಾಜುವಲ್ಟಿ (ಯುದ್ಧದಲ್ಲಿ ಗಾಯಗೊಂಡವರು) ಅಂತ ಆಗ ಪಾರ್ಟ್ ಟೂ ಆರ್ಡರ್, ಅಂದರೆ ಸೇವಾ ದಾಖಲೆಗೆ ಸೇರಿಸುವ ಆದೇಶ, ಆಗಿದ್ದರೆ ಅದರ ನಂಬರ್ ಎಲ್ಲಾದರೂ ಇರಬಹುದು.

ಸುಬೇದಾರ್ ತಾತ
ಕಾಗದದ ಪೆಟ್ಟಿಗೆ ಅಟ್ಟದ ಮೇಲಿದೆ. ಮೊಮ್ಮಗ ಹತ್ತುತ್ತಾನೆ.

ನಾಪೋಕ್ಲು ನರ್ಸ್
ತಾತ, ಚಳಿಗಾಲದಲ್ಲಿ ನೋಯುತ್ತೆ ಅಂದಿರಲ್ಲ, ಇಸಿಎಚ್‌ಎಸ್‌ನಲ್ಲಿ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಒಂದು ಎಕ್ಸ್‌ರೇ ತೆಗೆಸಿ. ದುಡ್ಡಿನ ವಿಷಯ ಬಿಡಿ, ಆ ಚೂರು ಎಲ್ಲಿದೆ ಅಂತಲಾದರೂ ಗೊತ್ತಾಗಲಿ.

ಹುದಿಕೇರಿ ಸೊಸೆ
ಎಲ್ಲರಿಗೂ ಥ್ಯಾಂಕ್ಸ್. ಯಜಮಾನರಿಗೆ ಇದನ್ನೆಲ್ಲ ಓದಿ ಹೇಳಿದೆ. ಸಿಟ್ಟು ಮಾಡಿಕೊಂಡು ತೋಟಕ್ಕೆ ಹೋದರು. ವಾಪಸ್ ಬಂದು, ಆ ರಾತ್ರಿ ಜೊತೆಗಿದ್ದ ನಾಯ್ಕ್ ಒಬ್ಬರ ನಂಬರ್ ಕೊಟ್ಟರು. ಈಗ ತಮಿಳುನಾಡಿನಲ್ಲಿ ಇದ್ದಾರಂತೆ. ಫೋನ್ ನಾನೇ ಮಾಡಿದೆ. ಅವರು "ನಾನೇ ಹೆಗಲ ಮೇಲೆ ಹಾಕ್ಕೊಂಡು ಇಳಿಸಿದ್ದು, ಎಲ್ಲಿ ಬೇಕಾದರೂ ಬಂದು ಹೇಳ್ತೀನಿ" ಅಂದರು. ಹೆಗಲ ಮೇಲೆ ಹೊತ್ತು ತಂದದ್ದನ್ನ ನಮ್ಮವರು ಇಷ್ಟು ವರ್ಷ ನನಗೇ ಹೇಳಿರಲಿಲ್ಲ. ಸೋಮವಾರ ಮಾಹಿತಿ ಹಕ್ಕಿನ ಅರ್ಜಿ ಹೋಗುತ್ತೆ.

ವಕೀಲ, ಮಡಿಕೇರಿ
ಅಫಿಡವಿಟ್‌ನಲ್ಲಿ ದಿನ, ಜಾಗ, ಪೆಟ್ರೋಲ್‌ನಲ್ಲಿ ಯಾರಿದ್ದರು, ಎಲ್ಲ ಬರಲಿ. ರಿಜಿಸ್ಟರ್ಡ್ ಪೋಸ್ಟ್ ಬದಲು ಈಗ ಸ್ಪೀಡ್ ಪೋಸ್ಟೇ, ರಸೀದಿ ಇಟ್ಟುಕೊಳ್ಳಿ.

ಮಳೆಗಾಲ
ಒಂದು ಬೇರೆ ವಿಷಯ. ನಮ್ಮ ಅಪ್ಪನ ಪೆನ್ಷನ್ ಸ್ಪರ್ಶ್‌ಗೆ (ಸೇನೆಯ ಪೆನ್ಷನ್ ಕೊಡೋ ಆನ್‌ಲೈನ್ ವ್ಯವಸ್ಥೆ) ಹೋದ ಮೇಲೆ ಲೈಫ್ ಸರ್ಟಿಫಿಕೇಟ್‌ಗೆ ಬೆರಳಚ್ಚು ಬರ್ತಾನೇ ಇಲ್ಲ, ತೋಟದ ಕೆಲಸ ಮಾಡಿ ಮಾಡಿ ಗೆರೆ ಸವೆದಿದೆ. ಏನ್ ಮಾಡೋದು?

ಸಿಗ್ನಲ್ಸ್ ಮಾಜಿ
ಮೊಬೈಲ್‌ನಲ್ಲಿ ಮುಖ ತೋರಿಸಿ ಮಾಡೋ ಆ್ಯಪ್ ಇದೆ, ಬೆರಳು ಬೇಡ. ಬೆಳಕು ಚೆನ್ನಾಗಿರೋ ಕಡೆ ಕೂರಿಸಿ.

ಮಳೆಗಾಲ
ಬೆಳಕಿದೆ, ನೆಟ್‌ವರ್ಕ್ ಇಲ್ಲ.